ಅಣ್ಣ ಕಟ್ಟಿಸಿದ ರ‍್ಯಾಂಪು

ಪುಣೆ
೧೨ ಜೂನ್ ೨೦೨೪

ಅತ್ತಿಗೆ,

ನಮಸ್ಕಾರ. ಕಾಗದ ನೋಡಿ ಗಾಬರಿಯಾಗಬೇಡಿ, ನನಗೇನೂ ಆಗಿಲ್ಲ. ಫೋನ್ ಇರುವಾಗ ಇವಳೇಕೆ ಬರೆದಳು ಅಂದುಕೊಳ್ಳುತ್ತೀರಿ. ನಮ್ಮ ಮನೆಯ ಫೋನಿನ ವಿಚಾರ ನಿಮಗೇ ಗೊತ್ತಲ್ಲ. ನಾನು ಮಾತಾಡುವಾಗ ಅವ್ವ ಸ್ಪೀಕರ್ ಹಾಕಿಸುತ್ತಾಳೆ, ಅಣ್ಣ ಟಿವಿ ಸಣ್ಣಗೆ ಮಾಡಿ ಕಿವಿಗೊಡುತ್ತಾನೆ, ನೀವು ಅಡಿಗೆಮನೆ ಬಾಗಿಲಲ್ಲಿ ನಿಂತಿರುತ್ತೀರಿ. ಇದು ಮೂವರಿಗೂ ಒಟ್ಟಿಗೆ ಹೇಳುವ ಮಾತಲ್ಲ.

ಸೇನೆಯ ಕಾಗದಪತ್ರಗಳೆಲ್ಲ ಮುಗಿದವು. ಆಂಬುಲೆನ್ಸ್ ಕಣಿವೆಗೆ ಉರುಳಿದಾಗ ನಾನು ಡ್ಯೂಟಿಯಲ್ಲಿದ್ದೆ ಎಂದು ಒಪ್ಪಿದ್ದಾರೆ. ಸೊಂಟದ ಕೆಳಗೆ ಇನ್ನು ಚಲನೆ ಬರುವುದಿಲ್ಲ ಎಂದೂ ಬರೆದುಕೊಟ್ಟಿದ್ದಾರೆ. ಈ ಪುನರ್ವಸತಿ ಕೇಂದ್ರದಲ್ಲಿ ಇನ್ನೆಷ್ಟು ತಿಂಗಳು ಇರಲಾದೀತು? ಮುಂದೆ ಎಲ್ಲಿ ಎಂದು ಎಲ್ಲರೂ ಕೇಳುತ್ತಾರೆ. ಮನೆಗೆ ಹೋಗುತ್ತೇನೆ ಅನ್ನುತ್ತೇನೆ. ಯಾವ ಮನೆಗೆ ಎಂದು ಹೇಳುವುದಿಲ್ಲ.

ಡ್ಯೂಟಿಯಲ್ಲಿ ಅಂಗವಿಕಲರಾದ ಮಾಜಿ ಸೈನಿಕರಿಗೆ ಗಾಲಿಕುರ್ಚಿಯಲ್ಲಿ ಓಡಾಡುವಂಥ ಮನೆ ಕಟ್ಟಿಸಿಕೊಡುವ ಒಂದು ನಿಧಿ ಮೈಸೂರಿನಲ್ಲಿದೆ. ನಮ್ಮಂಥ ಸೇನೆಯ ನರ್ಸುಗಳಿಗೂ ಕೊಡುತ್ತಾರೆ. ನಿವೇಶನ ನಮ್ಮ ಹೆಸರಿನಲ್ಲಿರಬೇಕು. ಯಾರ ನೆರವೂ ಇಲ್ಲದೆ ನಾವು ಬದುಕಬಹುದಾದ ಮನೆ ಬೇರೆಲ್ಲೂ ಇರಬಾರದು. ಅಪ್ಪ ನಾಲೆಯ ನೀರು ಬಿಡುವ ಸೌಡಿಯಾಗಿದ್ದಾಗ ಬೆಳಗೊಳದಲ್ಲಿ ನನ್ನ ಹೆಸರಿಗೆ ಕೊಂಡ ಸೈಟು ಇದೆಯಲ್ಲ, ಅಲ್ಲಿ ಕಟ್ಟಿಸಿಕೊಳ್ಳೋಣವೆಂದಿದ್ದೇನೆ. ಮೈಸೂರಿನ ಒಂದು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಲು ಕರೆದಿದ್ದಾರೆ. ಬೆಳಗೊಳದಿಂದ ಅದು ಹತ್ತಿರ.

ಆ ಸೈಟಿನ ಖಾತೆ ಪತ್ರ ನಿಮ್ಮ ಬೀರುವಿನಲ್ಲಿದೆ. ಅದರದೊಂದು ಜೆರಾಕ್ಸ್ ಕಳಿಸಿಕೊಡಿ. ಅಣ್ಣನಿಗೆ ಈಗಲೇ ತಿಳಿಯುವುದು ಬೇಡ. ಅವನಿಗೆ ತಿಳಿದರೆ ಬೇಡ ಅನ್ನುತ್ತಾನೆ, ಯಾಕೆಂದು ಹೇಳುವುದಿಲ್ಲ. ನಿಮ್ಮನ್ನು ನಂಬಿ ಕೇಳಲೋ ಬೇಡವೋ ಎಂದು ಬಹಳ ಯೋಚಿಸಿದೆ. ಹಾಗೆ ಯೋಚಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ
ಸ್ನೇಹ


ಪಾಂಡವಪುರ
೩ ಜುಲೈ ೨೦೨೪

ಸ್ನೇಹ,

ಚೆನ್ನಾಗಿರು. ನಿನ್ನ ಕಾಗದ ಬಂದಾಗ ಪುಣ್ಯಕ್ಕೆ ನಾನೇ ಬಾಗಿಲಲ್ಲಿದ್ದೆ. ಪೋಸ್ಟ್‌ಮನ್ ಶಂಕರ್ “ಅಕ್ಕೋರೆ, ನಿಮ್ಮೆಸರಿಗೆ ಕಾಗ್ದ ಬಂದದೆ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿ ಓದಿದೆ.

ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಬಸ್ ಸ್ಟ್ಯಾಂಡ್ ಹತ್ತಿರ ಕಿಶನ್ ಅಂಗಡಿಯಲ್ಲಿ ಮಾಡಿಸಿದೆ. ಮೂಲಪತ್ರವನ್ನು ಇದ್ದ ಕಡೆಯೇ ಇಟ್ಟೆ. ಆದರೂ ನಿಮ್ಮಣ್ಣ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ “ಬೀರು ಯಾರ್ ತೆಗ್ದಿದ್ರು?” ಎಂದು ಕೇಳಿದರು. ಸೀರೆ ತೆಗೆದುಕೊಂಡೆ ಅಂದೆ. ಯಾವ ಸೀರೆ ಎಂದು ಕೇಳಲಿಲ್ಲ. ಆದರೆ ನಾನು ಉಟ್ಟಿದ್ದ ಸೀರೆಯನ್ನು ಒಮ್ಮೆ ನೋಡಿದರು. ಅದು ಹಳೇ ವಾಯಿಲ್ ಸೀರೆ. ಸುಳ್ಳು ಹೇಳಲು ಬಾರದವಳನ್ನು ಇಂಥ ಕೆಲಸಕ್ಕೆ ಹಚ್ಚಬಾರದಿತ್ತು ನೀನು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಮ್ಮ ಮನೆಯಲ್ಲಿ ನಿನಗೇನು ಕಡಿಮೆಯಾಗಿತ್ತು? ಆದಿಚುಂಚನಗಿರಿಯಲ್ಲಿ ನಿನ್ನನ್ನು ನರ್ಸಿಂಗಿಗೆ ಸೇರಿಸಲು ಬಂದವಳು ನಾನು, ಆಗಿನ್ನೂ ಹೊಸ ಸೊಸೆ. ನಾಗಮಂಗಲದಲ್ಲಿ ಬಸ್ಸು ತಪ್ಪಿ ನಾವಿಬ್ಬರೂ ಬಿಸಿಲಲ್ಲಿ ಕೂತು ಕಡ್ಲೆಪುರಿ ತಿಂದದ್ದು ನೆನಪಿದೆಯೇ? ಅವತ್ತು ನೀನು ನಿಮ್ಮವ್ವನಿಗೂ ಹೇಳದ್ದನ್ನೆಲ್ಲ ನನಗೆ ಹೇಳಿದೆ. ಈಗ ನನ್ನನ್ನು ನಂಬಲೋ ಬೇಡವೋ ಎಂದು ಯೋಚಿಸಿದೆ ಅಂತ ಬರೆದಿದ್ದೀಯ. ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ.

ನೀನು ಬೇರೆ ಮನೆ ಮಾಡಿದರೆ ಊರಿನವರು ಯಾರ ಕಡೆ ಬೆರಳು ತೋರಿಸುತ್ತಾರೆ ಹೇಳು? ಅಣ್ಣನ ಕಡೆಗಲ್ಲ. ಅತ್ತಿಗೆ ಇರಗೊಡಲಿಲ್ಲ ಅನ್ನುತ್ತಾರೆ. ಇಷ್ಟು ತಿಳಿದೂ ಕಳಿಸುತ್ತಿದ್ದೇನೆ.

ಇನ್ನೊಂದು. ನಿಮ್ಮಣ್ಣ ಈಚೆಗೆ ಡೇರಿ ಮೀಟಿಂಗ್ ಎಂದು ಹೇಳಿ ಭಾನುವಾರವೂ ಹೊರಗೆ ಹೋಗುತ್ತಾರೆ. ಭಾನುವಾರ ಎಂಥಾ ಮೀಟಿಂಗು? ನಾನು ಕೇಳಿಲ್ಲ.

ಇಂತಿ,
ಪದ್ಮ


ಪಾಂಡವಪುರ
೨೫ ಆಗಸ್ಟ್ ೨೦೨೪

ಸ್ನೇಹ,

ಒಳ್ಳೆಯ ಸುದ್ದಿ. ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ.

ಹೋದ ವಾರ ಗಾರೆ ಸೋಮಯ್ಯ ಇಟ್ಟಿಗೆ, ಸಿಮೆಂಟು ಇಳಿಸಿಕೊಂಡು ಬಂದ. ಯಾರು ಹೇಳಿದರು ಎಂದರೆ “ನಾಗರಾಜಣ್ಣೋರು” ಅಂದ. ನಿಮ್ಮಣ್ಣ ನನಗಾಗಲಿ ಅತ್ತೆಗಾಗಲಿ ಒಂದು ಮಾತೂ ಹೇಳಿರಲಿಲ್ಲ. ಮುಂದಿನ ಮೆಟ್ಟಿಲುಗಳನ್ನು ಒಡೆಸಿ ರ‍್ಯಾಂಪು ಕಟ್ಟಿಸಿದರು, ಪಕ್ಕದಲ್ಲಿ ಕಬ್ಬಿಣದ ಕಂಬಿ. ನಡುಮನೆ ಪಕ್ಕದ ಕೋಣೆಯ ಬಾಗಿಲನ್ನು ಅಗಲ ಮಾಡಿಸಿದರು. ಬಚ್ಚಲಿಗೆ ಕೂರುವ ಕಮೋಡು, ಹಿಡಿದುಕೊಳ್ಳಲು ಹಿಡಿಕೆ ಹಾಕಿಸಿದರು. ಡೇರಿಯಿಂದ ಬಂದವರೇ ಅಂಗಿ ಬಿಚ್ಚಿ ತಾವೇ ಗಾರೆ ಕಲಸುತ್ತಿದ್ದರು. ಅತ್ತೆ ಜಗುಲಿಯಲ್ಲಿ ಕೂತು “ನನ್ ಮಗ ಚಿನ್ನದಂಥೋನು ಕಣವ್ವ” ಎಂದು ಹೋಗಿ ಬರುವವರಿಗೆಲ್ಲ ಹೇಳಿದ್ದೇ ಹೇಳಿದ್ದು.

“ಇದೇನು ಇದ್ದಕ್ಕಿದ್ದಂಗೆ?” ಎಂದೆ. “ನಮ್ಮನೆ ಎಣ್ಣು ಬೀದೀಲಿ ಕೂತ್ಕಂಡು ಒಳೀಕೆ ಎತ್ತುಸ್ಕಬೇಕಾ?” ಅಂದರು. ನನಗೆ ಕಣ್ಣು ತುಂಬಿ ಬಂತು ಕಣೆ. ಇಂಥ ಅಣ್ಣನಿಂದ ಮುಚ್ಚಿಟ್ಟು ನಿನಗೆ ಪತ್ರ ಕಳಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಬೇಸರವಾಯಿತು.

ಈಗಲಾದರೂ ಯೋಚನೆ ಮಾಡು. ಆ ನಿಧಿಯವರಿಗೆ ಬೇಡ ಎಂದು ಬರೆದುಬಿಡು. ಸಿಮೆಂಟು ಇನ್ನೂ ಹಸಿಯಾಗಿದೆ, ನೀರು ಹಾಕುತ್ತಿದ್ದೇವೆ. ನೀನು ಬರುವ ಹೊತ್ತಿಗೆ ಗಟ್ಟಿಯಾಗಿರುತ್ತದೆ.

ಪದ್ಮ


ಪುಣೆ
೩೦ ಸೆಪ್ಟೆಂಬರ್ ೨೦೨೪

ಅತ್ತಿಗೆಯವರಿಗೆ,

ನಿಧಿಯವರು ನನ್ನ ಅರ್ಜಿ ತಿರಸ್ಕರಿಸಿದ್ದಾರೆ. ಪಾಂಡವಪುರದ ಸ್ವಂತ ಕುಟುಂಬದ ಮನೆಯಲ್ಲಿ ಎಲ್ಲ ಅನುಕೂಲ ಆಗಲೇ ಇದೆ, ಹಾಗಾಗಿ ನಾನು ಅರ್ಹಳಲ್ಲವಂತೆ. ಅವರ ಪರಿಶೀಲಕರು ಬಂದು ಕಣ್ಣಾರೆ ನೋಡಿ ಹೋದರಂತೆ. ಮನೆಯವರೆಲ್ಲ ಒಪ್ಪಿ ಹೇಳಿದರಂತೆ.

ನಿಮ್ಮ ಆಗಸ್ಟಿನ ಕಾಗದ ಓದಿದ ದಿನ ನಾನೂ ಅತ್ತುಬಿಟ್ಟೆ. ಅಣ್ಣ ಗಾರೆ ಕಲಸುವುದನ್ನು ಮನಸ್ಸಿನಲ್ಲೇ ನೋಡುತ್ತ ಕೂತಿದ್ದೆ. ಪಕ್ಕದ ಮಂಚದ ಹುಡುಗಿಗೆ ಹೇಳಿ ಹೆಮ್ಮೆಪಟ್ಟೆ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ನನಗೆ ಅಪಘಾತವಾಗಿ ಎರಡು ಮಳೆಗಾಲ ಕಳೆದವು. ಹೋದ ವರ್ಷ ನಾನು ರಜೆಗೆ ಬಂದಾಗ ಅಣ್ಣನೂ ಸೋಮಯ್ಯನೂ ನನ್ನನ್ನು ಕುರ್ಚಿ ಸಮೇತ ಮೂಟೆಯ ಹಾಗೆ ಎತ್ತಿ ಒಳಗಿಟ್ಟರು. ಆಗ ಇಲ್ಲದ ರ‍್ಯಾಂಪು ನಾನು ಅರ್ಜಿ ಹಾಕಿದ ಮೇಲೆ ಎದ್ದು ನಿಂತಿತು. ಯಾವುದು ಇದ್ದರೆ ನನಗೆ ಮನೆ ಸಿಗುವುದಿಲ್ಲವೋ ಅದನ್ನೇ ತಿಳಿದು ಕಟ್ಟಿದ ಹಾಗಿದೆ.

ಅರ್ಜಿಯ ವಿಷಯ ಊರಿನಲ್ಲಿ ಗೊತ್ತಿದ್ದದ್ದು ನಿಮಗೊಬ್ಬರಿಗೆ. ಆ ನಿಯಮವನ್ನು ನಾನು ಬರೆದು ತಿಳಿಸಿದ್ದೂ ನಿಮಗೊಬ್ಬರಿಗೇ. ಊರಿನವರು ಅತ್ತಿಗೆಯ ಕಡೆ ಬೆರಳು ತೋರಿಸುತ್ತಾರೆ ಎಂಬ ಭಯವಿತ್ತಲ್ಲ ನಿಮಗೆ, ಇನ್ನು ಅದಿಲ್ಲ. ಬೆರಳು ತೋರಿಸುವವಳು ನಾನೊಬ್ಬಳೇ.

ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಸ್ನೇಹ


ಪಾಂಡವಪುರ
೧೪ ಅಕ್ಟೋಬರ್ ೨೦೨೪

ಸ್ನೇಹ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿ ಹರಿದು ಹಾಕು.

ನಿಮ್ಮಣ್ಣನಿಗೆ ನಾನು ಹೇಳಿಲ್ಲ. ಅತ್ತೆಗೂ ಹೇಳಿಲ್ಲ. ದೇವರ ಮೇಲೆ ಆಣೆ ಹಾಕಿದರೆ ನೀನು ನಂಬುವವಳಲ್ಲ, ಅದಕ್ಕೆ ಹಾಕುವುದಿಲ್ಲ.

ನಡೆದದ್ದು ಇಷ್ಟು. ಸೆಪ್ಟೆಂಬರ್ ಮೊದಲಲ್ಲಿ ಶ್ರೀರಂಗಪಟ್ಟಣದಿಂದ ಶ್ರೀನಿವಾಸಮೂರ್ತಿ ಎನ್ನುವವರು ಬಂದರು. ದೇವಸ್ಥಾನದ ಬೀದಿಯವರು, ಸರ್ಕಾರಿ ಕೆಲಸದಲ್ಲಿದ್ದು ನಿವೃತ್ತರಾಗಿ ಈಗ ಆ ನಿಧಿಗಾಗಿ ಮನೆ ನೋಡುವ ಕೆಲಸ ಮಾಡುತ್ತಾರಂತೆ. ನಿಮ್ಮಣ್ಣ ಅವರನ್ನು ಮೊದಲೇ ಪರಿಚಯವಿದ್ದವರ ಹಾಗೆ “ಬನ್ನಿ ಸಾರ್” ಎಂದು ಕರೆದರು. ನನಗೆ ಆಗಲೇ ಅನುಮಾನ ಬಂತು. ರ‍್ಯಾಂಪು, ಬಚ್ಚಲು ಎಲ್ಲ ತೋರಿಸಿದರು. ಆಮೇಲೆ ಆ ಮನುಷ್ಯ ಅಡಿಗೆಮನೆ ಬಾಗಿಲಿಗೆ ಬಂದು ನನ್ನ ಮುಖವನ್ನೇ ನೋಡುತ್ತ, “ನಿಮ್ಮ ನಾದಿನಿಗೆ ಈ ಮನೆಯಲ್ಲಿ ಇರಲು ಏನಾದರೂ ತೊಂದರೆ ಇದೆಯೇನಮ್ಮ?” ಎಂದು ಕೇಳಿದರು.

ಆ ಪ್ರಶ್ನೆ ಎಲ್ಲಿಂದ ಬಂತು? ನೀನು ನನ್ನ ಮೇಲೆ ಏನೋ ಬರೆದಿದ್ದೀಯ ಅನ್ನಿಸಿತು. ಅತ್ತಿಗೆ ಕಾಟ ಕೊಡುತ್ತಾಳೆ, ಅದಕ್ಕೇ ಬೇರೆ ಮನೆ ಬೇಕು ಎಂದು. ಮೈಯೆಲ್ಲ ಬೆಂಕಿ ಬಿದ್ದ ಹಾಗಾಯಿತು. “ಏನ್ ತೊಂದ್ರೆ ಸಾರ್? ಅವ್ಳು ಈ ಮನೆ ಮಗ್ಳು. ಇಲ್ಲೇ ಇರ್ತಾಳೆ. ಎಲ್ಲಾ ಐತಲ್ಲ” ಅಂದುಬಿಟ್ಟೆ.

ಹೌದು, ಅದನ್ನು ನಾನೇ ಹೇಳಿದೆ. ಆ ಮಾತು ನಿನ್ನ ಅರ್ಜಿಯ ಕತ್ತಿಗೆ ಬರುತ್ತದೆ ಎಂದು ಆಗ ಹೊಳೆಯಲಿಲ್ಲ. ನನ್ನ ಮರ್ಯಾದೆಯೊಂದೇ ಕಣ್ಣಿಗೆ ಕಂಡಿತು.

ನೀನು ಅವರಿಗೆ ನನ್ನ ಬಗ್ಗೆ ಬರೆದಿದ್ದೆಯಾ? ಇದಕ್ಕಾದರೂ ಉತ್ತರ ಕೊಡು.

ಪದ್ಮ


ಮಾಕವಳ್ಳಿ
೨೦ ನವೆಂಬರ್ ೨೦೨೪

ಸ್ನೇಹ,

ನಿನ್ನ ಉತ್ತರ ಬರಲಿಲ್ಲ. ವಿಳಾಸ ನೋಡಿದೆಯಲ್ಲ, ತವರಿನಲ್ಲಿದ್ದೇನೆ. ಅಮ್ಮನಿಗೆ ಕಣ್ಣಿನ ಆಪರೇಷನ್ ಎಂದು ಬಂದೆ. ಆಪರೇಷನ್ ಆಗಿ ಅಮ್ಮ ಟಿವಿ ನೋಡುವಂತಾದರೂ ನಾನಿನ್ನೂ ಇಲ್ಲೇ ಇದ್ದೇನೆ. ಕಬ್ಬು ಅರೆಯುವ ಕಾಲ, ಕಾರ್ಖಾನೆಗೆ ಲಾರಿಗಳು ಸಾಲುಗಟ್ಟಿವೆ. ಮನೆಯಲ್ಲಿ ಯಾರೂ ಯಾವಾಗ ಹೋಗುತ್ತೀಯ ಎಂದು ಕೇಳುವುದಿಲ್ಲ. ಕೇಳದೆ ಇರುವುದರಲ್ಲೇ ಅವರಿಗೆ ಅನುಮಾನವಿದೆ ಎಂದು ಗೊತ್ತಾಗುತ್ತದೆ.

ನಿಮ್ಮಣ್ಣನ ಭಾನುವಾರದ ಮೀಟಿಂಗಿನ ವಿಷಯ ಬರೆದಿದ್ದೆ. ನಿನ್ನ ಕಾಗದ ಬಂದ ಮೇಲೆ ಅವರು ಕೂತರೂ ನಿಂತರೂ ಗಮನಿಸತೊಡಗಿದೆ. ಒಂದು ಭಾನುವಾರ ಅವರು ಹೊರಟ ಮೇಲೆ ನಾನೂ ಬಸ್ಸು ಹತ್ತಿದೆ. ಆ ಮೂರ್ತಿಗಳನ್ನು ನೋಡಲು ಹೋಗಿರಬೇಕೆಂದು ಶ್ರೀರಂಗಪಟ್ಟಣದಲ್ಲಿ ಇಳಿದು ಅವರ ಬೈಕಿಗಾಗಿ ಹುಡುಕಿದೆ, ಕಾಣಲಿಲ್ಲ. ಏನು ಅನ್ನಿಸಿತೋ ಬೆಳಗೊಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಸೈಟನ್ನು ಮಾರಿರಬೇಕು, ಇಲ್ಲವೇ ಯಾರಿಗೋ ಶೆಡ್ಡು ಹಾಕಲು ಕೊಟ್ಟಿರಬೇಕು, ಅದಕ್ಕೇ ನಿನ್ನ ಮನೆಗೆ ಅಡ್ಡ ಬಂದಿದ್ದಾರೆ ಎಂದುಕೊಂಡೆ. ಇನ್ನೂ ಕೆಟ್ಟದ್ದು ಅಂದುಕೊಂಡೆ. ಅದನ್ನು ಬರೆಯಲಾರೆ, ನೀನೂ ಹೆಂಗಸು, ತಿಳಿದುಕೋ.

ಸೈಟಿನಲ್ಲಿ ಏನೂ ಇರಲಿಲ್ಲ. ಪಾರ್ಥೇನಿಯಂ ಗಿಡ ಸೊಂಟದೆತ್ತರ ಬೆಳೆದಿತ್ತು. ಹಿಂದೆ ನಾಲೆಯ ಏರಿಯ ಮೇಲೆ ನಿಮ್ಮಣ್ಣ ಒಬ್ಬರೇ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಲ್ಲಲೂ ಇಲ್ಲ.

“ನೀನ್ಯಾಕ್ ಬಂದೆ?” ಅಂದರು.

“ನೀವ್ಯಾಕ್ ಬಂದ್ರಿ?”

“ನೀರ್ ಎಷ್ಟ್ ಬತ್ತದೆ ಅಂತ ನೋಡಕೆ.”

“ನಮ್ ಗದ್ದೆ ಇರೋದು ಪಾಂಡವಪುರದಲ್ಲಿ. ಈ ನೀರ್ ಕಟ್ಕಂಡು ನಿಮಗೇನು?”

ನಾನು ಸುಮ್ಮನಿರಲಿಲ್ಲ. ರ‍್ಯಾಂಪು ಯಾಕೆ ಕಟ್ಟಿಸಿದಿರಿ, ಆ ಮೂರ್ತಿಗಳು ನಿಮಗೆ ಮೊದಲೇ ಹೇಗೆ ಗೊತ್ತು, ತಂಗಿಯ ಸೈಟಿನ ಮೇಲೆ ಕಣ್ಣು ಬಿದ್ದಿದೆಯಾ ಎಂದು ಬಾಯಿಗೆ ಬಂದದ್ದೆಲ್ಲ ಕೇಳಿದೆ. ಸೈಟು ಎಂದ ಕೂಡಲೇ ತಿರುಗಿದರು.

“ಕಿಶನ್ ಬಂದು ‘ಅಕ್ಕೋರು ಬೆಳಗೊಳದ ಖಾತೆ ಜೆರಾಕ್ಸ್ ಮಾಡುಸ್ಕಂಡೋದ್ರು, ಸೈಟ್ ಮಾರ್ತೀರಾ’ ಅಂದ. ನೀನೇ ಮಾರಕೊಂಟಿದ್ದೀಯ ಅನ್ಕಂಡೆ ಕಣಮ್ಮಿ. ಕೇಳ್ನಿಲ್ಲ. ಆಮೇಲೆ ಆ ನಿಧಿಯೋರು ಊರಲ್ಲಿ ವಿಚಾರಿಸ್ದಾಗ ಗೊತ್ತಾಯ್ತು. ಮೂರ್ತಿಗಳ ಮನೆಗೋಗಿ ಎಂಗಿದ್ರೆ ಮನೆ ಕೊಡಾಕಿಲ್ಲ ಅಂತ ಕೇಳ್ಕಂಡ್ ಬಂದೆ. ಅಂಗೇ ಕಟ್ಟಿಸ್ದೆ.”

“ಎಂಥಾ ಅಣ್ಣ ನೀವು!” ಅಂದೆ.

ಆಗ ಅವರು ನಾಲೆಯ ಕಡೆ ಕೈ ತೋರಿಸಿದರು. “ಆಸ್ಪತ್ರೇಲಿ ಅವ್ಳು ಕಣ್ ಬುಟ್ಟಾಗ ಪಕ್ಕದಲ್ಲಿ ನಾನೊಬ್ನೇ ಇದ್ದೆ. ಕಾಲು ಇನ್ನು ಆಡಾಕಿಲ್ಲ ಅಂತ ಗೊತ್ತಾದ್ ಮ್ಯಾಲೆ ನನ್ ಕೈ ಇಡ್ಕಂಡು ‘ಅಣ್ಣ, ಊರ್ಗೆ ಕರ್ಕಂಡೋಗಿ ನಾಲೆಗಾಕ್ಬುಡು’ ಅಂದ್ಲು. ಅವ್ವುಂಗ್ ಹೇಳ್ನಿಲ್ಲ, ನಿಂಗೂ ಹೇಳ್ನಿಲ್ಲ. ಈಗ ನಾಲೆ ಪಕ್ಕದಲ್ಲೇ ಒಬ್ಳೇ ಇರ್ತೀನಿ ಅಂತಾವ್ಳೆ. ಎಂಗ್ ಬುಡ್ಲಿ ಪದ್ಮ? ಎಂಗ್ ಬುಡ್ಲಿ ನೀನೇ ಹೇಳು.”

ಬೈಕಿನಲ್ಲಿ ಹಿಂದೆ ಕೂತು ಮನೆಗೆ ಬಂದೆ. ಮರುದಿನ ಬಟ್ಟೆ ತುಂಬಿಕೊಂಡು ಇಲ್ಲಿಗೆ ಬಂದೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಇಷ್ಟು ಕಾಲ ನನ್ನ ಪಕ್ಕದಲ್ಲಿ ಮಲಗಿ ಇಂಥ ಮಾತನ್ನು ಒಬ್ಬರೇ ಇಟ್ಟುಕೊಂಡಿದ್ದರು, ನಿನಗೆ ಅನ್ಯಾಯ ಮಾಡಿ ಅದಕ್ಕೆ ನನ್ನ ಬಾಯಿಂದಲೇ ಸಾಕ್ಷಿ ಹೇಳಿಸಿದರು. ಅದು ಅರಗುತ್ತಿಲ್ಲ.

ನೀನು ಹಾಗೆ ಅಂದಿದ್ದು ನಿಜವೇ ಸ್ನೇಹ?

ನಿನ್ನ
ಪದ್ಮ


ಪುಣೆ
೮ ಡಿಸೆಂಬರ್ ೨೦೨೪

ಅತ್ತಿಗೆ,

ಮೊದಲು ನಿಮ್ಮ ಹಳೆಯ ಪ್ರಶ್ನೆಗೆ ಉತ್ತರ. ನಿಧಿಯವರಿಗೆ ನಿಮ್ಮ ಬಗ್ಗೆ ನಾನು ಒಂದಕ್ಷರವೂ ಬರೆದಿಲ್ಲ. ಆ ಪ್ರಶ್ನೆಯನ್ನು ಅವರು ಎಲ್ಲರ ಮನೆಯಲ್ಲೂ ಕೇಳುತ್ತಾರಂತೆ, ಇಲ್ಲಿ ವಿಚಾರಿಸಿದೆ. ನಿಮ್ಮ ಮೇಲೆ ನಾನು ಹೊರಿಸಿದ್ದು ಸುಳ್ಳು. ಕ್ಷಮಿಸಿ ಎನ್ನುವುದು ಬಹಳ ಸಣ್ಣ ಮಾತು, ಆದರೂ ಕ್ಷಮಿಸಿ.

ಎರಡನೆಯ ಪ್ರಶ್ನೆಗೆ, ನೆನಪಿಲ್ಲ, ಔಷಧದ ಮಂಪರಿನಲ್ಲಿ ಏನೋ ಅಂದಿರಬೇಕು ಎಂದು ಬರೆದೆ. ಆ ಹಾಳೆ ಹರಿದೆ. ನೆನಪಿದೆ. ಅಂದದ್ದು ನಿಜ. ಆವತ್ತು ಮನಸ್ಸಿನಲ್ಲಿದ್ದದ್ದೂ ಅದೇ.

ಆದರೆ ಅತ್ತಿಗೆ, ಆಮೇಲೆ ನಾನು ಕೂರಲು ಕಲಿತೆ. ಮಂಚದಿಂದ ಕುರ್ಚಿಗೆ ಒಬ್ಬಳೇ ಇಳಿಯಲು ಕಲಿತೆ. ಬಟ್ಟೆ ಒಗೆಯುತ್ತೇನೆ, ಅಡಿಗೆ ಮಾಡುತ್ತೇನೆ, ಹೊಸದಾಗಿ ಬರುವ ಹುಡುಗರಿಗೆ ಹುಣ್ಣಾಗದಂತೆ ನೋಡಿಕೊಳ್ಳುವುದನ್ನು ಹೇಳಿಕೊಡುತ್ತೇನೆ. ಅಣ್ಣ ಪ್ರತಿ ವಾರ ಫೋನಿನಲ್ಲಿ ಊಟ ಆಯ್ತಾ ಎಂದು ಕೇಳುತ್ತಾನೆ. ಆವತ್ತು ಅಂದೆಯಲ್ಲ, ಈಗಲೂ ಹಾಗೇ ಅನ್ನಿಸುತ್ತದಾ ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆ, ನನ್ನ ಬೆನ್ನ ಹಿಂದೆ ಗೋಡೆ ಕಟ್ಟಿದ. ಭಯದಿಂದಲೇ ಕಟ್ಟಿರಲಿ, ನನ್ನ ಮನೆಯನ್ನು ಕಳೆದದ್ದು ಅವನೇ. ಅದನ್ನು ಪ್ರೀತಿ ಎಂದು ಒಪ್ಪಿಕೊಳ್ಳಲು ನನ್ನಿಂದ ಈಗಲೇ ಆಗದು.

ಮತ್ತೊಮ್ಮೆ ನೋಡಲು ಬನ್ನಿ, ಈ ಸಲ ನಾನೇ ಅಲ್ಲಿರುತ್ತೇನೆ ಎಂದು ನಿಧಿಯವರಿಗೆ ಬರೆದಿದ್ದೇನೆ. ಜನವರಿಯಲ್ಲಿ ಬರುತ್ತೇನೆ. ಅಣ್ಣನಿಗೂ ತಿಳಿಸುತ್ತೇನೆ, ಇನ್ನು ಮುಚ್ಚುಮರೆ ಬೇಡ.

ನನಗಾಗಿ ಎಂದು ನೀವು ಅವಸರಪಟ್ಟು ಗಂಡನ ಮನೆಗೆ ಹಿಂದಿರುಗಬೇಡಿ.

ನಿಮ್ಮ
ಸ್ನೇಹ


ಪಾಂಡವಪುರ
೨೭ ಜನವರಿ ೨೦೨೫

ಅತ್ತಿಗೆ,

ತಮಾಷೆ ನೋಡಿ. ನೀವು ಮಾಕವಳ್ಳಿಯಲ್ಲಿ, ನಾನು ನಿಮ್ಮ ಅಡಿಗೆಮನೆಯಲ್ಲಿ. ಒಲೆಯ ಕಟ್ಟೆ ನನ್ನ ಕತ್ತಿಗೆ ಬರುತ್ತದೆ, ಹಾಲು ಉಕ್ಕಿದ್ದು ಕಾಣಿಸುವುದಿಲ್ಲ, ವಾಸನೆಯಿಂದ ತಿಳಿಯಬೇಕು.

ನಿನ್ನೆ ಬೆಳಿಗ್ಗೆ ಶ್ರೀನಿವಾಸಮೂರ್ತಿಯವರು ಸ್ಕೂಟರಿನಲ್ಲಿ ಬಂದರು. ಬಂದವರೇ ನನ್ನನ್ನೂ ಅಣ್ಣನನ್ನೂ ಬದಲಿಸಿ ಬದಲಿಸಿ ನೋಡಿದರು. ಹೋದ ಸಲ ಮನೆಯವರೆಲ್ಲ ಒಂದು ಮಾತು ಹೇಳಿದ್ದರು, ಈಗ ಇವಳು ಇನ್ನೊಂದು ಹೇಳುತ್ತಿದ್ದಾಳೆ, ಯಾರದು ಸುಳ್ಳು ಎಂದು ಅವರಿಗೆ ಅನುಮಾನ. “ಎಲ್ಲ ಅನುಕೂಲ ಇದ್ದೂ ಬೇರೆ ಮನೆ ಯಾಕಮ್ಮ? ಬಾಡಿಗೆಗೆ ಕೊಡುವುದಕ್ಕೋ?” ಎಂದು ನೇರವಾಗಿಯೇ ಕೇಳಿದರು.

“ನೀವು ರ‍್ಯಾಂಪು ನೋಡಿದ್ದೀರಿ, ಅದನ್ನು ನಾನು ಹತ್ತುವುದನ್ನು ನೋಡಿಲ್ಲ” ಅಂದೆ.

ಬೀದಿಗಿಳಿದೆವು. ಮನೆಯ ಮುಂದೆ ಜಾಗ ಕಡಿಮೆ, ಚರಂಡಿ ಬೇರೆ ಅಡ್ಡ. ಅದಕ್ಕೆ ಸೋಮಯ್ಯ ರ‍್ಯಾಂಪನ್ನು ಗಿಡ್ಡವಾಗಿ, ಕಡಿದಾಗಿ ಕಟ್ಟಿದ್ದಾನೆ. ಮೂಟೆ ಎಳೆಯಬಹುದು, ಕುರ್ಚಿ ಹತ್ತುವುದಿಲ್ಲ. ನಾನು ಕೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ ಗಾಲಿ ತಳ್ಳಿದೆ. ಅರ್ಧದವರೆಗೆ ಬಂದೆ. ಅಲ್ಲಿ ಮುಂದಿನ ಗಾಲಿಗಳು ಮೇಲೇಳತೊಡಗಿದವು. ಅಷ್ಟರಲ್ಲಿ ಹಿಂದಿನಿಂದ ಅಣ್ಣ ಓಡಿಬಂದು ಹಿಡಿದುಕೊಂಡ.

“ಕೈ ತೆಗೀರಿ. ಅವರೊಬ್ಬರೇ ಹತ್ತಲಿ” ಎಂದರು ಮೂರ್ತಿಯವರು.

ಅಣ್ಣ ತೆಗೆಯಲಿಲ್ಲ. ಜಗುಲಿಯಿಂದ ಅವ್ವ, “ತಳ್ಳೋ ನಾಗ, ಯಾಕ್ಲಾ ನಿಂತ್ಕಂಡೆ? ಒಳೀಕೆ ತಳ್ಳು!” ಎಂದು ಕೂಗಿದಳು.

ಅತ್ತಿಗೆ, ಅವನು ತಳ್ಳಿದ್ದರೆ ಮುಗಿದೇಹೋಗುತ್ತಿತ್ತು. ಒಂದು ಉಸಿರಿಗೆ ನಾನು ಒಳಗಿರುತ್ತಿದ್ದೆ. ನೋಡಿ ಸಾರ್, ಆಗ್ತದಲ್ಲ ಅನ್ನಬಹುದಿತ್ತು. ಅವನು ಹಾಗೇ ಮಾಡುತ್ತಾನೆ ಎಂದೇ ನಾನಂದುಕೊಂಡೆ. ಅವನ ಉಸಿರು ನನ್ನ ತಲೆಯ ಮೇಲೆ ಬೀಳುತ್ತಿತ್ತು.

“ಅಣ್ಣ, ಬಿಡು” ಅಂದೆ.

“ಬುಟ್ರೆ ಜಾರ್ತೀಯ ಕಣವ್ವ.”

“ಜಾರಲಿ ಬಿಡು.”

ಬಿಟ್ಟ. ಕುರ್ಚಿ ಹಿಂದಕ್ಕೆ ಓಡಿತು. ನಾನು ಗಾಲಿ ಒತ್ತಿ ಹಿಡಿದೆ, ಅಂಗೈ ಸುಲಿದುಹೋಯಿತು. 

ಚರಂಡಿಯ ಅಂಚಿನಲ್ಲಿ ನಿಂತೆ, ಬೀಳಲಿಲ್ಲ. ಅವ್ವ ಚೀರಿದಳು. ಬೀದಿಯ ಜನ ಸೇರಿದರು. ಅವರೆಲ್ಲರ ಮುಂದೆ ಅಣ್ಣ ಮೂರ್ತಿಯವರಿಗೆ ಹೇಳಿದ. “ಇದ್ರಲ್ಲಿ ಇವ್ಳು ಒಬ್ಳೇ ಅತ್ತಾಕಾಗಕಿಲ್ಲ ಸಾರ್. ಕಟ್ಟುವಾಗ್ಲೇ ನಂಗೊತ್ತಿತ್ತು. ಅವತ್ತು ನಿಮ್ಗೆ ಸುಳ್ಳೇಳ್ದೋನು ನಾನು. ಈ ಮನೆ ಇವ್ಳಿಗೆ ಆಗಕಿಲ್ಲ ಅಂತ ಬರ್ಕಳಿ.”

ಮೂರ್ತಿಯವರು ಅದನ್ನು ಬರೆದುಕೊಂಡರು. ಆಮೇಲೆ ಬೆಳಗೊಳದ ಸೈಟು ತೋರಿಸಲು ಯಾವ ದಿನ ಬರುತ್ತೀರಿ ಎಂದು ನನ್ನನ್ನು ಕೇಳಿದರು.

ಸಂಜೆ ಅಣ್ಣ ನನ್ನ ಅಂಗೈಗೆ ಮುಲಾಮು ಹಚ್ಚಲು ಕೂತ. ಹಚ್ಚುತ್ತ ತಲೆ ಎತ್ತದೆ ಕೇಳಿದ. “ಈಗ್ಲೂ ಅಂಗೇ ಅನ್ನುಸ್ತದಾ?”

ಇಲ್ಲ ಎಂದು ಹೇಳಿ ಅವನನ್ನು ನೆಮ್ಮದಿಯಾಗಿ ಕಳಿಸಬಹುದಿತ್ತು. “ಕೆಲವು ದಿನ” ಅಂದೆ.

“ಆ ದಿನ ಏನ್ಮಾಡ್ತೀಯ?”

“ಆ ದಿನ ನಿನಗೆ ಫೋನ್ ಮಾಡ್ತೀನಿ. ಊಟ ಆಯ್ತಾ ಅಂತ ಕೇಳಬೇಡ. ಸುಮ್ಮನೆ ಕೇಳಿಸಿಕೊ.”

ತಲೆಯಾಡಿಸಿದ. ಆಮೇಲೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ. ಅತ್ತನೋ ಏನೋ, ನಾನು ನೋಡಲಿಲ್ಲ.

ನಿಮ್ಮ ಬಗ್ಗೆ ಏನೂ ಅನ್ನಲಿಲ್ಲ. ಆದರೆ ಊಟಕ್ಕೆ ಕೂತಾಗ ನಿಮ್ಮ ತಟ್ಟೆಯನ್ನೂ ತೆಗೆದಿಟ್ಟು, ಮತ್ತೆ ಎತ್ತಿ ಗೂಡಿನಲ್ಲಿಟ್ಟ.

ಸ್ನೇಹ


ಮಾಕವಳ್ಳಿ
೬ ಫೆಬ್ರುವರಿ ೨೦೨೫

ಸ್ನೇಹ,

ನಿನ್ನ ಕಾಗದ ಬಂದ ದಿನವೇ ನಿಮ್ಮಣ್ಣನೂ ಬಂದರು. ಅಮ್ಮನ ಕಣ್ಣು ನೋಡಿಕೊಂಡು ಹೋಗಲು ಬಂದೆ ಅಂದರು. ಅಮ್ಮ “ಕಣ್ಣು ಚೆಂದಾಗದೆ ಕಣಪ್ಪ, ಈಗ ಎಲ್ಲಾ ಕಾಣ್ತದೆ” ಎಂದು ನನ್ನ ಕಡೆ ನೋಡಿದಳು.

ಬೀದಿಯವರ ಮುಂದೆ ಹೇಳಿದಿರಂತೆ, ನನ್ನ ಮುಂದೆ ಹೇಳಲು ಏನಾಗಿತ್ತು ಎಂದು ಕೇಳಿದೆ. “ನೀನು ನನ್ನೇ ನಂಬ್ದೆ ಇಂದೆ ಬಂದ್ಯಲ್ಲ ಬಸ್ಸಲ್ಲಿ” ಅಂದರು. ಇಬ್ಬರ ತಪ್ಪೂ ತೂಗಿದರೆ ಯಾರದು ಹೆಚ್ಚೋ. ಜಗಳವಾಡಿದೆವು, ಕೊನೆಗೆ ಉಂಡೆವು. ಇಷ್ಟು ವರ್ಷಗಳಲ್ಲಿ ಅವರು ನನ್ನೊಡನೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ನಾಡಿದ್ದು ಹೊರಡುತ್ತೇನೆ. ನಾನು ಬರುವವರೆಗೆ ಒಲೆಯ ಹತ್ತಿರ ಹೋಗಬೇಡ.

ಪದ್ಮ


ಬೆಳಗೊಳ
೧೮ ಜನವರಿ ೨೦೨೬

ಅತ್ತಿಗೆ,

ಮೇಲಿನ ಅಡ್ರೆಸ್ ಬರೆದು ಎರಡು ಸಲ ಓದಿಕೊಂಡೆ. ಫೋನ್ ಮಾಡಬಹುದಿತ್ತು, ಆದರೆ ನಿಧಿಯವರು ಕಟ್ಟಿಸಿಕೊಟ್ಟ ಈ ಮನೆಯಿಂದ ಮೊದಲು ನಿಮಗೊಂದು ಕಾಗದವೇ ಹೋಗಲಿ ಅನ್ನಿಸಿತು.

ಗೃಹಪ್ರವೇಶದ ದಿನ ನೀವೆಲ್ಲ ಹೊರಟ ಮೇಲೆ ಮನೆ ಭಣಗುಟ್ಟಿತು. ಹೆದರಿಕೆಯೂ ಆಯಿತು, ನಿಮ್ಮೊಬ್ಬರಿಗೆ ಹೇಳುತ್ತೇನೆ. ಬೆಳಿಗ್ಗೆ ಎದ್ದು ಒಬ್ಬಳೇ ಒಲೆ ಹಚ್ಚಿದೆ. ಹಾಲು ಉಕ್ಕುವ ಮೊದಲೇ ಕಂಡಿತು, ಇಳಿಸಿದೆ. ನಲ್ಲಿ ಕೈಗೆ ಸಿಗುತ್ತದೆ, ಕಿಟಕಿಯ ಚಿಲಕ ಕೈಗೆ ಸಿಗುತ್ತದೆ. ನರ್ಸಿಂಗ್ ಶಾಲೆಯ ವ್ಯಾನು ಬರುವ ಹೊತ್ತಿಗೆ ಬಾಗಿಲು ಹಾಕಿಕೊಂಡು ರಸ್ತೆಯಲ್ಲಿದ್ದೆ.

ಒಂದು ಸಂಗತಿ. ದಿನಾ ಸಂಜೆ ನಾಲೆ ಏರಿಯ ಮೇಲೆ ಟವೆಲ್ ಹೊದ್ದ ಒಬ್ಬ ಮನುಷ್ಯ ಗಾಳ ಹಿಡಿದು ಕೂರುತ್ತಿದ್ದ. ಮುಖ ಈ ಕಡೆಗೆ, ನೀರು ಆ ಕಡೆಗೆ. ನಿನ್ನೆ ಕುರ್ಚಿ ತಳ್ಳಿಕೊಂಡು ಹಿತ್ತಲ ಬೇಲಿಯವರೆಗೂ ಹೋಗಿ ನೋಡಿದರೆ ನಮ್ಮ ಗಾರೆ ಸೋಮಯ್ಯ.

“ಅಣ್ಣ ಕಳಿಸಿದನಾ?” ಎಂದು ಕೇಳಿದೆ.

“ಇಲ್ಲ ಕಣವ್ವ, ಈ ಕಡೀಕೆ ಗಾರೆ ಕೆಲ್ಸ ಸಿಕ್ಕದೆ. ಅಂಗೇ ಮೀನಿಗ್ ಬಂದೆ” ಅಂದ. ಬುಟ್ಟಿಯಲ್ಲಿ ಒಂದು ಮೀನೂ ಇರಲಿಲ್ಲ. ಗಾಳಕ್ಕೆ ಹುಳುವೂ ಇರಲಿಲ್ಲ. ನಾನು ನಂಬಲಿಲ್ಲ. ಹೇಗೂ ದಿನಾ ಬರುತ್ತೀಯ, ಬರುವಾಗ ಕೊತ್ತಂಬರಿ, ಹಸಿಮೆಣಸಿನಕಾಯಿ ತಂದುಕೊಡು ಅಂದೆ. ಪಾಪ, ತಕ್ಷಣ ಒಪ್ಪಿಕೊಂಡ.

ಅಣ್ಣ ಮೊನ್ನೆ ಫೋನಿನಲ್ಲಿ, “ಇನ್ನೊಂದ್ ಕೀ ನನ್ ಅತ್ರ ಇರ್ಲಿ, ಒಳ್ಳೇದು” ಅಂದ. ಏನಕ್ಕೆ ಒಳ್ಳೇದು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ಕೀಲಿಯನ್ನು ಈ ಲಕೋಟೆಯಲ್ಲಿಟ್ಟಿದ್ದೇನೆ. ಇದು ನಿಮಗೆ. ಅವನು ಕೇಳಿದರೂ ಕೊಡಬೇಡಿ. ನಿಮಗೆ ಯಾವಾಗ ಬೇಕೋ ಆಗ ಬೀಗ ತೆಗೆದು ಒಳಗೆ ಬನ್ನಿ, ನಾನು ಇಲ್ಲದಿದ್ದರೂ ಬನ್ನಿ.

ಅಣ್ಣ ಬಂದಾಗ ಬಾಗಿಲು ತಟ್ಟಲಿ. ನಾನೇ ಬಂದು ತೆಗೆಯುತ್ತೇನೆ. ಸ್ವಲ್ಪ ಹೊತ್ತಾಗುತ್ತದೆ, ಕಾಯಲಿ.

ನಿಮ್ಮ
ಸ್ನೇಹ